ಕಾವಲಿನಲ್ಲಿ ಗುಂಡಿ ತೋಡುವ ಮೊದಲು ಕಿಲಾರಿಗಳ ಲೆಕ್ಕ ಬರೆದುಕೊಳ್ಳಿ

ಪ್ರಶ್ನೆ: ನಮ್ಮದು ಚಳ್ಳಕೆರೆ ತಾಲ್ಲೂಕಿನ ಹಳ್ಳಿ. ಊರ ಪಕ್ಕ ಸುಮಾರು 300 ಎಕರೆ ಕಾವಲು, ಅಂದರೆ ಹುಲ್ಲುಗಾವಲಿದೆ. ನಮ್ಮ ಮ್ಯಾಸನಾಯಕ ಸಮುದಾಯದವರು ದೇವರಿಗೆಂದು ಬಿಟ್ಟ ದೇವರ ಎತ್ತುಗಳು, ಪಕ್ಕದ ಗೊಲ್ಲರಹಟ್ಟಿಯ ಕುರಿಗಳು ಮೇಯುವುದು ಅಲ್ಲೇ. ಮುಂದಿನ ಮುಂಗಾರಿಗೆ ಅಲ್ಲಿ ಟ್ರೆಂಚ್ ಹೊಡೆದು ಗಿಡ ನೆಡುತ್ತಾರಂತೆ. ಆ ಎತ್ತುಗಳನ್ನು ಕಾಯುವ ಕಿಲಾರಿಗಳು ಬೇಡವೇ ಬೇಡ ಅನ್ನುತ್ತಾರೆ. ಗಿಡ ಬೇಡ ಅನ್ನುವವರು ಅದೇನು ಪರಿಸರ ಉಳಿಸುತ್ತಾರೆ ಎಂದು ಸಭೆಯಲ್ಲಿ ನಗುತ್ತಾರೆ. ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಈಗ ನನ್ನನ್ನೂ ಸೇರಿಸಿದ್ದಾರೆ. ಹಿರಿಯರಿಗೆ ಗೊತ್ತಿರುವುದನ್ನು ಇಲಾಖೆಯವರು ಒಪ್ಪುವ ಹಾಗೆ ದಾಖಲೆ ಮಾಡುವುದು ಹೇಗೆ? ವಿಜ್ಞಾನಕ್ಕೂ ಅದಕ್ಕೂ ತಾಳೆ ಹಾಕುವುದು ಹೇಗೆ?

ಉತ್ತರ: ನಿಮ್ಮ ಕಿಲಾರಿಗಳು ಹೇಳುತ್ತಿರುವುದು ಸರಿ. ಪರಿಸರ ವಿಜ್ಞಾನವೂ ಅದನ್ನೇ ಹೇಳುತ್ತದೆ. ಚಳ್ಳಕೆರೆ, ಮೊಳಕಾಲ್ಮೂರು ಕಡೆ ವರ್ಷಕ್ಕೆ ಬೀಳುವುದು 500 ಮಿ.ಮೀ. ಆಸುಪಾಸಿನ ಮಳೆ. ಅದರಲ್ಲೂ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಕಾವಲಿನ ಮಣ್ಣು ತೆಳು, ಗೇಣು ಕೆಳಗೆ ಕಲ್ಲು. ಇಂಥ ನೆಲದಲ್ಲಿ ಬಯಲು ಹುಲ್ಲು, ಅಲ್ಲಲ್ಲಿ ಬಾರೆ, ಕಾರೆ, ತಂಗಡಿಯ ಕುರುಚಲು ಇದ್ದರೆ ಅದು ಕಾಡು ಕೆಟ್ಟು ಉಳಿದ ಜಾಗ ಎಂದು ತಿಳಿಯಬೇಕಿಲ್ಲ. ಆ ನೆಲದ ಸಹಜ ರೂಪವೇ ಅದು. ಕೃಷ್ಣಮೃಗ, ತೋಳ, ಬುರ್ಲಿ, ಗೌಜಲಕ್ಕಿ, ನೆಲಗುಬ್ಬಿಗಳಿಗೆ ಕಣ್ಣಳತೆಗೆ ಸಿಗುವ ಬಯಲು ಬೇಕು. ಇಂಥ ಬಯಲನ್ನೇ ನಂಬಿದ ಹೆಬ್ಬಕ (ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿ) ಈಗ ಕರ್ನಾಟಕದಲ್ಲಿ ಬೆರಳೆಣಿಕೆಯಷ್ಟು, ಅದೂ ಬಳ್ಳಾರಿಯ ಸಿರುಗುಪ್ಪ ಕಡೆ ಮಾತ್ರ ಕಾಣುತ್ತದೆ. ಕಾಡು ಕಡಿದದ್ದರಿಂದ ಅದು ಈ ಸ್ಥಿತಿಗೆ ಬಂದದ್ದಲ್ಲ. ಬಯಲು ಹೊಲವಾಯಿತು, ನೆಡುತೋಪಾಯಿತು, ಕಟ್ಟಡವಾಯಿತು, ಮೇಲೆ ವಿದ್ಯುತ್ ತಂತಿಗಳು ಬಂದವು.

ಟ್ರೆಂಚ್ ಹೊಡೆದರೆ ಆಗುವುದೇನು ಎಂಬುದನ್ನು ಸಭೆಯಲ್ಲಿ ಲೆಕ್ಕದಲ್ಲೇ ಹೇಳಿ. ಐದು ಮೀಟರಿಗೊಂದು ಸಾಲು, ಅರ್ಧ ಮೀಟರ್ ಅಗಲದ ಟ್ರೆಂಚ್, ಪಕ್ಕದಲ್ಲಿ ಅರ್ಧ ಮೀಟರ್ ಮಣ್ಣಿನ ದಿಂಡು ಎಂದರೆ ನೆಲದ ಐದನೇ ಒಂದು ಭಾಗದ ಹುಲ್ಲಿನ ಬೇರು ಒಂದೇ ಸಲಕ್ಕೆ ಎದ್ದುಹೋಗುತ್ತದೆ. ಹಾಗೆ ಬಿಚ್ಚಿದ ಮಣ್ಣಿಗೆ ಮೊದಲು ಬರುವುದು ನೆಟ್ಟ ಬೇವು, ಹೊಂಗೆ ಅಲ್ಲ. ಬಳ್ಳಾರಿ ಜಾಲಿ ಮತ್ತು ಕಾಂಗ್ರೆಸ್ ಹುಲ್ಲು. ದನ, ಕುರಿಗಳು ಜಾಲಿಕಾಯಿ ತಿಂದು ಬೀಜವನ್ನು ಸಗಣಿ, ಹಿಕ್ಕೆಯಲ್ಲಿ ಹಾಕುತ್ತವೆ, ಹೊಟ್ಟೆಯಲ್ಲಿ ಹಾದು ಬಂದ ಬೀಜ ಇನ್ನೂ ಚೆನ್ನಾಗಿ ಮೊಳೆಯುತ್ತದೆ. ಕೆಲವೇ ವರ್ಷಗಳಲ್ಲಿ ಕಾವಲು ಮುಳ್ಳುಮೆಳೆಯಾಗಿ, ಎತ್ತು ಒಳಗೆ ಹೋಗಲೂ ದಾರಿ ಇಲ್ಲದ ಹಾಗಾಗುತ್ತದೆ.

ಆದರೆ 'ಕಿಲಾರಿಗಳು ಬೇಡ ಅಂದರು' ಎಂಬ ಒಂದು ಸಾಲು ಕಡತದಲ್ಲಿ ನಿಲ್ಲುವುದಿಲ್ಲ. ಅದರಲ್ಲಿ ಜಾಗವಿಲ್ಲ, ಕಾಲವಿಲ್ಲ, ಅಳತೆಯಿಲ್ಲ. ಹಿರಿಯರಿಗೆ ಇವು ಮೂರೂ ಗೊತ್ತು, ಆದರೆ ಅವರು ಹೇಳುವುದು ಹಳ್ಳದ ಹೆಸರಿನಲ್ಲಿ, ಮಳೆಯ ಹೆಸರಿನಲ್ಲಿ, ಹೊರೆಯ ಲೆಕ್ಕದಲ್ಲಿ. ಅದನ್ನು ಸರ್ವೆ ನಂಬರು, ತಾರೀಕು, ಕಿಲೋಗಳಿಗೆ ಇಳಿಸುವುದೇ ನಿಮ್ಮ ಸಮಿತಿಯ ಕೆಲಸ. ಒಂದು ವರ್ಷ ಹಿಡಿಯುತ್ತದೆ.

ಮೊದಲು ಪಹಣಿ ತೆಗೆಸಿ. ಕಾವಲು ಎಂದು ಊರೆಲ್ಲ ಕರೆಯುವ ಜಾಗ ಕಾಗದದಲ್ಲಿ ಅಮೃತ್ ಮಹಲ್ ಕಾವಲು (ಮೈಸೂರು ಅರಸರ ಕಾಲದಿಂದ ಅಮೃತ್ ಮಹಲ್ ದನಗಳಿಗೆ ಮೀಸಲಿಟ್ಟದ್ದು), ಗೋಮಾಳ, ಮೀಸಲು ಅರಣ್ಯ, ಡೀಮ್ಡ್ ಅರಣ್ಯ (ಅಧಿಸೂಚನೆ ಇಲ್ಲದಿದ್ದರೂ ಅರಣ್ಯವೆಂದು ಪರಿಗಣಿಸಿದ್ದು), ಸರ್ಕಾರಿ ಖರಾಬು, ಯಾವುದಾದರೂ ಇರಬಹುದು. 300 ಎಕರೆಯೊಳಗೆ ಎರಡು ಮೂರು ಬಗೆ ಸೇರಿರುವುದೂ ಉಂಟು. ಗ್ರಾಮ ನಕ್ಷೆ ತೆಗೆದುಕೊಂಡು, ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಕಾವಲಿನ ಅಂಚಿನಲ್ಲಿ ಒಮ್ಮೆ ಸುತ್ತು ಬನ್ನಿ. ನಿಂತ ಜಾಗದ ಸರ್ವೆ ನಂಬರು ಅದರಲ್ಲಿ ಕಾಣುತ್ತದೆ. ಯಾವ ತುಂಡು ಯಾರ ಸುಪರ್ದಿನಲ್ಲಿದೆ ಎಂದು ಗೊತ್ತಾಗದೆ ಅರ್ಜಿ ಕೊಟ್ಟರೆ ಕಂದಾಯದವರು ಅರಣ್ಯ ಇಲಾಖೆಯನ್ನು, ಅರಣ್ಯದವರು ಪಶುಪಾಲನಾ ಇಲಾಖೆಯನ್ನು ತೋರಿಸುತ್ತಾ ಕೂರುತ್ತಾರೆ. ನಿಮ್ಮ ತಾಲ್ಲೂಕಿನವರಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ. ಕುದಾಪುರ, ಉಳ್ಳಾರ್ತಿ, ವರವು ಕಾವಲುಗಳ ಸಾವಿರಾರು ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹಂಚಿಕೆಯಾದದ್ದು ಸುತ್ತಲ ಊರವರಿಗೆ ತಿಳಿಯುವ ಹೊತ್ತಿಗೆ ಕಾಗದದ ಕೆಲಸ ಬಹುಪಾಲು ಮುಗಿದಿತ್ತು. ಆಮೇಲೆ ಹಸಿರು ನ್ಯಾಯಮಂಡಳಿಯವರೆಗೂ ಹೋಗಬೇಕಾಯಿತು.

ಯಾರನ್ನು ಕೇಳಬೇಕು? ಬರಿಯ ಗೌಡರು, ಪೂಜಾರಿಗಳನ್ನು ಕೂರಿಸಿಕೊಂಡು ಮಧ್ಯಾಹ್ನದೊಳಗೆ ಜೀವವೈವಿಧ್ಯ ದಾಖಲಾತಿ (ಊರಿನ ಗಿಡ, ಪ್ರಾಣಿ, ಅವುಗಳ ಬಗೆಗಿನ ತಿಳಿವನ್ನು ಸಮಿತಿ ಬರೆದಿಡುವ ಪುಸ್ತಕ) ಮುಗಿಸುವುದೇ ಹೆಚ್ಚು ಕಡೆ ಆಗುತ್ತಿರುವುದು. ಕಾವಲಿನ ವಿಷಯ ಒಬ್ಬೊಬ್ಬರಿಗೆ ಒಂದೊಂದು ತುಂಡು ಗೊತ್ತು. ದಿನವೂ ದೇವರ ಎತ್ತಿನ ಹಿಂದೆ ಹೋಗುವ ಕಿಲಾರಿಗೆ ಯಾವ ಹುಲ್ಲು ಯಾವಾಗ ಎಳಸು, ಯಾವಾಗ ಕಡ್ಡಿ ಎಂಬುದು ಗೊತ್ತು. ಕುರಿ ಕಾಯುವವರಿಗೆ ತೋಳ ಎಲ್ಲಿಂದ ಬರುತ್ತದೆ, ಎಲ್ಲಿ ಮರಿ ಹಾಕುತ್ತದೆ ಎಂಬುದು ಗೊತ್ತು. ಸೊಪ್ಪು, ಪೊರಕೆ ಕಡ್ಡಿ, ಸೌದೆ ತರುವ ಹೆಂಗಸರಿಗೆ ಗಂಡಸರು ಹೆಸರೇ ಕೇಳದ ಗಿಡಗಳು ಗೊತ್ತು. ನಾಟಿ ಔಷಧಿ ಕೊಡುವವರು, ಜೇನು ಬಿಚ್ಚುವವರು ಬೇರೆಯೇ. ಇವರನ್ನು ಬೇರೆ ಬೇರೆಯಾಗಿ, ಆದಷ್ಟೂ ಕಾವಲಿನಲ್ಲೇ ನಡೆಯುತ್ತಾ ಕೇಳಿ. ಪಂಚಾಯಿತಿ ಕಟ್ಟೆಯ ಮೇಲೆ ಕೇಳಿದರೆ ಎಂಟು ಗಿಡದ ಹೆಸರು ಬರುತ್ತದೆ, ಅದೇ ವ್ಯಕ್ತಿ ಕಾವಲಿನಲ್ಲಿ ಕಾಲಿಗೆ ತಾಗಿದ ಗಿಡವನ್ನೆಲ್ಲ ಹೇಳುತ್ತಾ ಹೋಗುತ್ತಾರೆ. ಅವರಿಗೆ ಆ ದಿನದ ಕೂಲಿ ಕೊಡಿ. ಸಮೀಕ್ಷೆಗೆ ಬಂದ ಪದವೀಧರನಿಗೆ ಭತ್ಯೆ, ಹೇಳಿಕೊಟ್ಟ ಅಜ್ಜಿಗೆ ಒಂದು ಲೋಟ ಚಹಾ ಎನ್ನುವುದು ಯಾವ ನ್ಯಾಯ?

ಗಿಡದ ಹೆಸರುಗಳಲ್ಲಿ ಎಚ್ಚರ ಬೇಕು. ದಾಖಲಾತಿಯಲ್ಲಿ ಬರೀ 'ಜಾಲಿ' ಎಂದು ಬರೆದರೆ ಅದು ಕರಿಜಾಲಿಯೋ, ಬಿಳಿಜಾಲಿಯೋ, ಬಳ್ಳಾರಿ ಜಾಲಿಯೋ ಗೊತ್ತಾಗುವುದಿಲ್ಲ. ಮೊದಲಿನ ಎರಡು ಉಳಿಸಬೇಕಾದವು, ಕೊನೆಯದು ತೆಗೆಯಬೇಕಾದದ್ದು. ಬನ್ನಿ ಎಂದು ನಮ್ಮಲ್ಲಿ ಎರಡು ಬೇರೆ ಜಾತಿಯ ಮರಗಳನ್ನು ಕರೆಯುತ್ತಾರೆ. ಮೊಳಕಾಲ್ಮೂರು ಗಡಿಯ ಕಡೆ ಎಷ್ಟೋ ಹಟ್ಟಿಗಳಲ್ಲಿ ಮನೆಮಾತು ತೆಲುಗು, ಹುಲ್ಲಿನ ಹೆಸರುಗಳು ತೆಲುಗಿನಲ್ಲೇ ಬರುತ್ತವೆ. ಅದನ್ನು ಕನ್ನಡಕ್ಕೆ ತಿದ್ದಲು ಹೋಗದೆ, ಹೇಳಿದವರ ಬಾಯಲ್ಲಿ ಬಂದ ಹಾಗೇ ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳಿ. ಜೊತೆಗೆ ಹೂ ಅಥವಾ ತೆನೆ ಇರುವ ಒಂದು ಕಡ್ಡಿಯನ್ನು ಬೇರು ಸಮೇತ ಕಿತ್ತು ಹಳೆಯ ಪತ್ರಿಕೆಯ ಹಾಳೆಗಳ ನಡುವೆ ಒತ್ತಿಡಿ. ಮೊದಲ ವಾರ ದಿನವೂ ಹಾಳೆ ಬದಲಿಸಬೇಕು, ಇಲ್ಲವಾದರೆ ಬೂಸಲು ಹಿಡಿಯುತ್ತದೆ. ಮೇಲೆ ಸ್ಥಳೀಯ ಹೆಸರು, ತಾರೀಕು, ಜಾಗ, ಹೇಳಿದವರ ಹೆಸರು ಬರೆದು ಜಿಲ್ಲೆಯ ಯಾವುದಾದರೂ ಕಾಲೇಜಿನ ಸಸ್ಯಶಾಸ್ತ್ರ ವಿಭಾಗಕ್ಕೆ ಕೊಟ್ಟರೆ ವೈಜ್ಞಾನಿಕ ಹೆಸರು ಹಾಕಿಕೊಡುತ್ತಾರೆ. ಹುಲ್ಲುಗಳನ್ನು ಫೋಟೊ ನೋಡಿ ಗುರುತಿಸುವುದು ತಜ್ಞರಿಗೂ ಕಷ್ಟ, ತೆನೆ ಕೈಯಲ್ಲಿರಬೇಕು.

ಇನ್ನು ಕಾಲದ ವಿಷಯ. ಇಲ್ಲಿ ಹಳೆಯ ಜ್ಞಾನಕ್ಕೂ ಇಲಾಖೆಯ ಕ್ಯಾಲೆಂಡರಿಗೂ ಸುಲಭವಾಗಿ ತಾಳೆ ಹಾಕಬಹುದು. ಹಿರಿಯರು ಹೇಳುವ ಮಳೆ ನಕ್ಷತ್ರಗಳು ಸೂರ್ಯನ ಲೆಕ್ಕದವು, ಹಾಗಾಗಿ ಪ್ರತಿ ವರ್ಷ ಹೆಚ್ಚುಕಡಿಮೆ ಅದೇ ಇಂಗ್ಲಿಷ್ ತಾರೀಕಿಗೆ ಬರುತ್ತವೆ, ಒಂದೊಂದು 13–14 ದಿನ. ರೋಹಿಣಿ ಮೇ 25ರ ಸುಮಾರಿಗೆ, ಮೃಗಶಿರ ಜೂನ್ 8ಕ್ಕೆ, ಆರಿದ್ರ ಜೂನ್ 22ಕ್ಕೆ, ಪುಷ್ಯ ಜುಲೈ 20ಕ್ಕೆ, ಮಗೆ ಆಗಸ್ಟ್ 17ಕ್ಕೆ, ಉತ್ತರೆ ಸೆಪ್ಟೆಂಬರ್ 13ಕ್ಕೆ, ಹಸ್ತ 27ಕ್ಕೆ, ಚಿತ್ತೆ ಅಕ್ಟೋಬರ್ 10–11ಕ್ಕೆ, ಸ್ವಾತಿ 24ಕ್ಕೆ ಹುಟ್ಟುತ್ತವೆ. ಜಾತ್ರೆ, ಹಬ್ಬಗಳು ಹಾಗಲ್ಲ, ಅವು ಚಂದ್ರನ ಲೆಕ್ಕದವು, ತಿಂಗಳವರೆಗೂ ಹಿಂದೆ ಮುಂದೆ ಆಗುತ್ತವೆ. 'ಜಾತ್ರೆ ಹೊತ್ತಿಗೆ ಬಾರೆಹಣ್ಣು' ಎಂದರೆ ಯಾವ ವರ್ಷದ ಜಾತ್ರೆ ಎಂದು ಕೇಳಬೇಕು. 'ಹಸ್ತದಲ್ಲಿ ತೆನೆ ಬಿರಿಯುತ್ತದೆ' ಎಂದರೆ ತಾರೀಕು ಸಿಕ್ಕಿತು ಎಂದೇ ಲೆಕ್ಕ.

ಉದ್ದನೆಯ ಹಾಳೆಯಲ್ಲಿ ಎಡಗಡೆ ಈ ನಕ್ಷತ್ರಗಳನ್ನು ಬರೆದು, ಮುಂದೆ ಐದು ಕಾಲಂ ಎಳೆಯಿರಿ: ಯಾವ ಹುಲ್ಲು ಚಿಗುರುತ್ತದೆ, ಯಾವುದು ತೆನೆ ಬಿಡುತ್ತದೆ, ಎತ್ತುಗಳು ಎಲ್ಲಿ ಮೇಯುತ್ತವೆ, ಕುರಿ ಎಲ್ಲಿ, ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳ ಮೊಟ್ಟೆ ಯಾವಾಗ ಕಾಣುತ್ತದೆ. ಈ ಹಾಳೆ ತುಂಬಿದಾಗ ಇಲಾಖೆಯ ರೂಢಿಯ ತಪ್ಪೊಂದು ತಾನಾಗಿ ಕಣ್ಣಿಗೆ ಬೀಳುತ್ತದೆ. ಮಲೆನಾಡಿನ ಲೆಕ್ಕದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೇಯಿಸುವುದು ಬಂದ್ ಮಾಡಿದರೆ ಹುಲ್ಲು ಚೇತರಿಸಿಕೊಳ್ಳುತ್ತದೆ ಎಂದುಕೊಳ್ಳುತ್ತಾರೆ. ಉತ್ತರೆ, ಹಸ್ತದ ಮಳೆಯೇ ಮುಖ್ಯವಾದ ಈ ಸೀಮೆಯಲ್ಲಿ ಬಹುವಾರ್ಷಿಕ ಹುಲ್ಲುಗಳು ಬೀಜ ಉದುರಿಸುವುದು ಅದರ ನಂತರ. ಸೆಪ್ಟೆಂಬರ್ ಕೊನೆಗೆ ಬಾಗಿಲು ತೆಗೆದರೆ ತೆನೆ ಹೊತ್ತ ಹುಲ್ಲೇ ದನದ ಬಾಯಿಗೆ ಹೋಗುತ್ತದೆ. ಬಂದ್ ಮಾಡುವುದಿದ್ದರೆ ಕಾವಲಿನ ಮೂರನೇ ಒಂದು ಭಾಗವನ್ನು ಮಾತ್ರ, ಆರಿದ್ರದಿಂದ ಸ್ವಾತಿಯವರೆಗೆ ಬಂದ್ ಮಾಡಿ, ಮುಂದಿನ ವರ್ಷ ಇನ್ನೊಂದು ಭಾಗ. ಹಳೆಯ ಅಮೃತ್ ಮಹಲ್ ಆಡಳಿತದಲ್ಲೂ ಕಾವಲುಗಳನ್ನು ಬೇಸಿಗೆ, ಮಳೆ, ಚಳಿಗಾಲದ ಕಾವಲು ಎಂದು ವಿಂಗಡಿಸಿ ದನ ತಿರುಗಿಸುತ್ತಿದ್ದರು. ಒಂದೇ ಕಾವಲನ್ನು ವರ್ಷವಿಡೀ ಮೇಯಿಸುವುದು ಜಾಗ ಕಡಿಮೆಯಾದ ಮೇಲೆ ಬಂದ ಪರಿಸ್ಥಿತಿ, ಅದನ್ನು ಪರಂಪರೆ ಎಂದು ಬರೆದುಕೊಳ್ಳಬೇಡಿ.

ಹಿರಿಯರು ಹೇಳಿದ್ದೆಲ್ಲ ಹಾಗೇ ಸತ್ಯ ಎಂದೂ ಬರೆದುಕೊಳ್ಳಬೇಡಿ. 'ಮಗೆ ಮಳೆ ಬಂದಷ್ಟೂ ಒಳ್ಳೇದು, ಮನೆಮಗ ಉಂಡಷ್ಟೂ ಒಳ್ಳೇದು' ಎನ್ನುವುದು ಆ ಹದಿನಾಲ್ಕು ದಿನದ ಮಳೆಯ ಬಗ್ಗೆ ಕಟ್ಟಿದ ಊಹೆ, ಪರೀಕ್ಷೆಗೆ ಒಡ್ಡಬಹುದಾದ ಊಹೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಹೋಬಳಿ, ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ನಿಮ್ಮ ಪಂಚಾಯಿತಿಯ ದಿನವಹಿ ಮಳೆ ಅಂಕಿಗಳನ್ನು ತರಿಸಿ ನಕ್ಷತ್ರವಾರು ಕೂಡಿಸಿ. ಹಿರಿಯರು 'ಮುಂಗಾರು ನಿಂತೇ ಹೋಯಿತು' ಎಂದದ್ದು ಅಂಕಿಗೆ ಹೊಂದದಿದ್ದರೆ, ಅವರು ಹೇಳುತ್ತಿರುವುದು ಒಟ್ಟು ಮಳೆಯ ಬಗ್ಗೆಯೋ, ಎರಡು ಮಳೆಯ ನಡುವಿನ ಬಿಡುವಿನ ಬಗ್ಗೆಯೋ ಎಂದು ಮತ್ತೊಮ್ಮೆ ಕೇಳಿ. ಒಟ್ಟು ಅಷ್ಟೇ ಇದ್ದು ಬಿಡುವು ಉದ್ದವಾದರೂ ಹುಲ್ಲು ಒಣಗುತ್ತದೆ. ಕಾವಲಿಗೆ ಬೆಂಕಿ ಹಾಕಿದರೆ ಎಳೆ ಹುಲ್ಲು ಬೇಗ ಬರುತ್ತದೆ ಎಂಬ ಮಾತೂ ಬರುತ್ತದೆ. ಬೆಂಕಿಯ ನಂತರ ಚಿಗುರು ಬರುವುದು ನಿಜ, ಆದರೆ ಫೆಬ್ರವರಿ, ಮಾರ್ಚಿನಲ್ಲಿ ಸುಟ್ಟರೆ ಮಳೆ ಬರುವವರೆಗೆ ನೆಲ ಬೋಳಾಗಿ, ಮೊದಲ ಬಿರುಮಳೆಗೆ ಮಣ್ಣು ಹೋಗುತ್ತದೆ. ಅರಣ್ಯ ಜಮೀನಿನಲ್ಲಿ ಬೆಂಕಿ ಹಾಕುವುದು ಅಪರಾಧವೂ ಹೌದು. ಆ ಮಾತನ್ನು ಹೇಳಿದಂತೆಯೇ ದಾಖಲಿಸಿ, ಶಿಫಾರಸಿನಲ್ಲಿ ಮಾತ್ರ ಸೇರಿಸಬೇಡಿ.

ಈಗ ಅಳತೆ. ಇದಕ್ಕೆ ಬೇಕಾಗುವುದು ಒಂದು ಮೀಟರ್ ಉದ್ದಗಲದ ಚೌಕಟ್ಟು (ಪಿವಿಸಿ ಪೈಪಿನ ನಾಲ್ಕು ತುಂಡು ಸಾಕು), ಕುಡುಗೋಲು, ಬಟ್ಟೆ ಚೀಲಗಳು, ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿ. ಹುಲ್ಲು ಪೂರಾ ಬೆಳೆದು ಬೀಜ ಉದುರುತ್ತಿರುವ ಹೊತ್ತಿಗೆ, ಅಂದರೆ ಚಿತ್ತೆ ಮುಗಿಯುವಾಗ, ಕಾವಲಿನ ಒಂದು ಮೂಲೆಯಿಂದ ಇನ್ನೊಂದಕ್ಕೆ ನೇರ ನಡೆಯಿರಿ. ಐವತ್ತು ಹೆಜ್ಜೆಗೊಮ್ಮೆ ಕಾಲು ನಿಂತಲ್ಲೇ ಚೌಕಟ್ಟು ಇಡಿ. ಹುಲ್ಲು ಚೆನ್ನಾಗಿರುವ ಕಡೆ ಚೌಕಟ್ಟು ಸರಿಸುವುದು ಎಲ್ಲರೂ ಮಾಡುವ ತಪ್ಪು. ಬಂಡೆಯ ಮೇಲೆ ಬಿದ್ದರೂ ಅದು ಲೆಕ್ಕಕ್ಕೆ ಸೇರಬೇಕು, ಸೊನ್ನೆ ಎಂದು ಬರೆಯಬೇಕು. ಒಟ್ಟು 20 ಚೌಕ ಆಗಲಿ. ಪ್ರತಿ ಚೌಕದಲ್ಲಿ ಮೊದಲು ಎಷ್ಟು ಬಗೆಯ ಹುಲ್ಲು, ಗಿಡ ಇವೆ ಎಂದು ಕಿಲಾರಿಯಿಂದ ಹೆಸರು ಹೇಳಿಸಿ ಬರೆಯಿರಿ, ಆಮೇಲೆ ಎರಡು ಬೆರಳಷ್ಟು ಬುಡ ಬಿಟ್ಟು ಕೊಯ್ದು ಚೀಲಕ್ಕೆ ಹಾಕಿ. ಎತ್ತು ಮೂಸಿ ಬಿಡುವ ಹುಲ್ಲನ್ನು ಬೇರೆ ಚೀಲಕ್ಕೆ ಹಾಕಿ, ಇದನ್ನು ಹೇಳಬಲ್ಲವರು ಕಿಲಾರಿಗಳು ಮಾತ್ರ. ನೆರಳಲ್ಲಿ ಹರಡಿ ಒಣಗಿಸಿ. ಎರಡು ದಿನ ಸತತವಾಗಿ ತೂಕ ಬದಲಾಗದಿದ್ದರೆ ಒಣಗಿದೆ ಎಂದರ್ಥ.

ಚೌಕವೊಂದರ ಸರಾಸರಿ ಗ್ರಾಂ ಅನ್ನು ಹತ್ತರಿಂದ ಗುಣಿಸಿದರೆ ಹೆಕ್ಟೇರಿಗೆ ಎಷ್ಟು ಕಿಲೋ ಎಂಬುದು ಸಿಗುತ್ತದೆ. ಉದಾಹರಣೆಗೆ ತಿನ್ನುವ ಹುಲ್ಲು 150 ಗ್ರಾಂ ಬಂತು ಎನ್ನಿ, ಹೆಕ್ಟೇರಿಗೆ 1,500 ಕಿಲೋ. ಅರ್ಧ ನೆಲಕ್ಕೆ ಬಿಡಬೇಕು, ಇಲ್ಲದಿದ್ದರೆ ಮುಂದಿನ ವರ್ಷ ಬೇರಿನಲ್ಲಿ ಕಸುವು ಇರುವುದಿಲ್ಲ. ಉಳಿದದ್ದು 750 ಕಿಲೋ. 300 ಕಿಲೋ ತೂಗುವ ಎತ್ತು ದಿನಕ್ಕೆ ಮೈತೂಕದ ಶೇ 2.5ರಷ್ಟು, ಅಂದರೆ ಏಳೂವರೆ ಕಿಲೋ ಒಣಮೇವು ತಿನ್ನುತ್ತದೆ. ಒಂದು ಹೆಕ್ಟೇರ್ ಒಂದು ಎತ್ತಿಗೆ ನೂರು ದಿನ ಬಂತು. ನಿಮ್ಮ 300 ಎಕರೆ ಎಂದರೆ 121 ಹೆಕ್ಟೇರ್, ನೂರು ಎತ್ತಿಗೆ ಸುಮಾರು ನಾಲ್ಕು ತಿಂಗಳ ಮೇವು. ಎಂಟು ಕುರಿಯನ್ನು ಒಂದು ಎತ್ತಿನ ಸಮ ಎಂದು ಹಿಡಿಯಿರಿ.

ಈ ಲೆಕ್ಕ ಕೈಯಲ್ಲಿದ್ದರೆ ಸಭೆಯಲ್ಲಿ ಮಾತೇ ಬೇರೆ. ಭೂ ಕಂದಾಯ ನಿಯಮಗಳ 97ನೇ ನಿಯಮದಂತೆ ನೂರು ಜಾನುವಾರಿಗೆ 12 ಹೆಕ್ಟೇರ್ ಗೋಮಾಳ ಬಿಟ್ಟರೆ ಸಾಕು, 'ಹೆಚ್ಚುವರಿ' ಜಾಗ ಬೇರೆ ಕೆಲಸಕ್ಕೆ ಕೊಡಬಹುದು ಎಂಬ ವಾದ ಸಾಮಾನ್ಯವಾಗಿ ಬರುತ್ತದೆ. ಮೇಲಿನ ಉತ್ಪತ್ತಿಯಲ್ಲಿ 12 ಹೆಕ್ಟೇರ್ ನೂರು ಜಾನುವಾರಿಗೆ ಹನ್ನೆರಡೇ ದಿನ ಸಾಲುತ್ತದೆ. ಅಂಕಿ ನಿಮ್ಮ ಕಾವಲಿನದೇ ಆಗಿರಬೇಕು, ನನ್ನ ಉದಾಹರಣೆಯನ್ನು ಅರ್ಜಿಗೆ ಇಳಿಸಬೇಡಿ. ಲೆಕ್ಕ ನಿಮ್ಮ ವಿರುದ್ಧವೂ ಬರಬಹುದು. ಹುಲ್ಲು 60 ಗ್ರಾಮೇ ಬಂದರೆ, ಗಿಡ ನೆಡದಿದ್ದರೂ ಕಾವಲು ಸೋಲುತ್ತಿದೆ, ಮೇಯುವ ತಲೆಗಳನ್ನೋ ದಿನಗಳನ್ನೋ ಇಳಿಸಬೇಕು ಎಂದರ್ಥ.

ಮೇಯಿಸುವುದರಿಂದ ಕಾವಲು ಕೆಡುತ್ತದೆ ಎಂಬುದು ಇಲಾಖೆಯ ಹಳೆಯ ನಂಬಿಕೆ, ಮೇಯಿಸದಿದ್ದರೆ ಕೆಡುತ್ತದೆ ಎಂಬುದು ಕಿಲಾರಿಗಳದು. ಜಗಳ ಬಿಟ್ಟು ನೆಲವನ್ನೇ ಕೇಳಬಹುದು. ಮೂರು ಕಡೆ ಹತ್ತು ಮೀಟರ್ ಉದ್ದಗಲದ ಜಾಗಕ್ಕೆ ಬಾರೆಕಂಟಿಯ ಬೇಲಿ ಹಾಕಿ, ಎರಡು ಮಳೆಗಾಲ ಯಾವ ಬಾಯಿಯೂ ಒಳಗೆ ಹೋಗದಂತೆ ನೋಡಿಕೊಳ್ಳಿ. ಬೇಲಿಯ ಒಳಗೆ, ಹೊರಗೆ ಇದೇ ಚೌಕದ ಎಣಿಕೆ ಮಾಡಿ. ಒಳಗೆ ಹುಲ್ಲು ಎತ್ತರವಾಗಿ ಬೆಳೆದು ಬಗೆಗಳು ಕಡಿಮೆಯಾಗಿದ್ದರೆ, ಹಳೆಯ ಒಣಹುಲ್ಲು ಬುಡದಲ್ಲಿ ಕಟ್ಟಿಕೊಂಡು ಸಣ್ಣ ಜಾತಿಗಳಿಗೆ ಬೆಳಕು ತಪ್ಪಿದೆ. ಹದವಾಗಿ ಮೇಯಿಸುವುದು ಬೇಕು. ಒಳಗೇ ಬಗೆಗಳು ಹೆಚ್ಚಾಗಿ, ಹೊರಗೆ ತಂಗಡಿ, ಬಂದರಿಕೆಯಂಥ ದನ ಮುಟ್ಟದ ಗಿಡಗಳೇ ತುಂಬಿದ್ದರೆ ಮೇಯಿಸುವುದು ಅತಿಯಾಗಿದೆ. ಸ್ವಲ್ಪ ದೊಡ್ಡ ಕಾವಲಿನಲ್ಲಿ ಎರಡೂ ಫಲಿತಾಂಶ ಬೇರೆ ಬೇರೆ ಮೂಲೆಯಲ್ಲಿ ಬರುತ್ತವೆ. ರೊಪ್ಪ (ಕುರಿ, ದನದ ದೊಡ್ಡಿ), ನೀರಿನ ತೊಟ್ಟಿಯ ಸುತ್ತ ಅತಿ, ದೂರದ ಏರಿನಲ್ಲಿ ಕಡಿಮೆ.

ಊರೆಂದರೆ ಒಂದೇ ದನಿ ಅಲ್ಲ ಎಂಬುದನ್ನೂ ದಾಖಲಾತಿ ತೋರಿಸಬೇಕು. ಬಳ್ಳಾರಿ ಜಾಲಿ ಕಿಲಾರಿಗೆ ಶತ್ರು, ಆದರೆ ಜಮೀನಿಲ್ಲದ ಮನೆಗಳಿಗೆ ಅದೇ ಸೌದೆ, ಅದೇ ಇದ್ದಲು. ಒಂದೇ ಸಲಕ್ಕೆ ಜೆಸಿಬಿ ತರಿಸಿ ಬೋಳಿಸಿದರೆ ಅವರ ಒಲೆ ಆರುತ್ತದೆ, ಅವರು ಉಳಿದ ಕಮರ, ದಿಂಡಿಗಕ್ಕೆ ಕೈ ಹಾಕುತ್ತಾರೆ. ವರ್ಷಕ್ಕೆ ಒಂದು ತುಂಡು ಎಂದು ಹಂಚಿಕೊಂಡು, ಕಡಿದದ್ದನ್ನು ಅವರಿಗೇ ಕೊಡಿ. ಕಡಿಯುವ ಜಾಗ ಅರಣ್ಯ ಇಲಾಖೆಯದಾಗಿದ್ದರೆ ಬರವಣಿಗೆಯಲ್ಲಿ ಅನುಮತಿ ಬೇಕು.

ತೆಗೆಯುವ ಕ್ರಮ ಹೀಗೆ. ಮೊಣಕಾಲೆತ್ತರದ ಸಸಿಗಳನ್ನು ಮೃಗಶಿರದ ಹದಮಳೆ ಬಿದ್ದ ಮೇಲೆ ಕೈಯಲ್ಲೇ ಬೇರು ಸಮೇತ ಕಿತ್ತುಹಾಕಬಹುದು. ದೊಡ್ಡದನ್ನು ನೆಲಮಟ್ಟಕ್ಕೆ ಕಡಿದರೆ ಒಂದಕ್ಕೆ ಹತ್ತು ಕವಲು ಬರುತ್ತದೆ. ಚಿಗುರೊಡೆಯುವ ಮೊಗ್ಗುಗಳಿರುವುದು ಬುಡದ ಗಂಟಿನಲ್ಲಿ, ಆದ್ದರಿಂದ ಮಣ್ಣು ಬಿಡಿಸಿ ಒಂದಡಿ ಆಳದಲ್ಲಿ ಬೇರನ್ನು ಕತ್ತರಿಸಬೇಕು. ಕಾಯಿ ಹಣ್ಣಾಗುವ ಮೊದಲೇ ಆ ಕೆಲಸ ಆಗಲಿ, ಕಾಯಿ ಬಿದ್ದಿದ್ದರೆ ಆ ತುಂಡಿಗೆ ಕುರಿ ಬಿಡಬೇಡಿ. ಮುಂದಿನ ಎರಡು ಮೂರು ಮಳೆಗಾಲ ಮತ್ತೆ ಬಂದ ಸಸಿಗಳನ್ನು ಕೀಳಲು ಕೂಲಿ ಇಟ್ಟುಕೊಳ್ಳದಿದ್ದರೆ ಮೊದಲ ವರ್ಷದ ಹಣವೂ ನೀರುಪಾಲು.

ತೆಗೆದ ಜಾಗಕ್ಕೆ ಅದೇ ಕಾವಲಿನ ಹುಲ್ಲಿನ ಬೀಜ ಬೇಕು. ಹಸ್ತ, ಚಿತ್ತೆಯಲ್ಲಿ ಬಲಿತ ತೆನೆಗಳನ್ನು ಕೈಯಲ್ಲಿ ಸವರಿ ತೆಗೆದುಕೊಳ್ಳಿ, ಮೂರು ಭಾಗದಲ್ಲಿ ಎರಡು ಭಾಗ ಗಿಡದಲ್ಲೇ ಬಿಡಿ. ನೆರಳಲ್ಲಿ ಒಣಗಿಸಿ ಬಟ್ಟೆ ಚೀಲದಲ್ಲಿ ಮುಂದಿನ ಮುಂಗಾರಿನವರೆಗೆ ಇಡಿ. ಹೊಸ ಬೀಜ ಸುಪ್ತವಾಗಿರುವುದರಿಂದ ಕೂಡಲೇ ಬಿತ್ತಿದರೆ ಸರಿಯಾಗಿ ಮೊಳೆಯುವುದಿಲ್ಲ, ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ಬೆವೆತು ಕೆಡುತ್ತದೆ. ಹೆಕ್ಟೇರಿಗೆ ಐದಾರು ಕಿಲೋ ಬೀಜವನ್ನು ಅದರ ನಾಲ್ಕು ಪಟ್ಟು ಒದ್ದೆ ಮಣ್ಣಿನಲ್ಲಿ ಕಲಸಿ ಚೆಲ್ಲಿ, ಮೇಲೆ ಕಂಟಿ ಎಳೆದರೆ ಸಾಕು. ಅರ್ಧ ಇಂಚಿಗಿಂತ ಆಳಕ್ಕೆ ಹೋದ ಬೀಜ ಮೇಲೆ ಬರುವುದಿಲ್ಲ. ಕುರಿಯ ಉಣ್ಣೆಗೆ ಚುಚ್ಚಿಕೊಳ್ಳುವ ಈಟಿಮೊನೆಯ ಬೀಜದ ಹುಲ್ಲನ್ನು (ಹೆಟೆರೊಪೋಗನ್ ಕಾಂಟಾರ್ಟಸ್) ಕುರಿಯವರು ಒಪ್ಪುವುದಿಲ್ಲ, ಎಳಸಿದ್ದಾಗ ಎತ್ತುಗಳಿಗೆ ಅದು ಒಳ್ಳೆಯ ಮೇವು. ಅದನ್ನು ಎಲ್ಲಿ ಬಿತ್ತಬೇಕು, ಎಲ್ಲಿ ಬೇಡ ಎಂದು ಹಟ್ಟಿಯವರೂ ಕಿಲಾರಿಗಳೂ ಕೂತು ತೀರ್ಮಾನಿಸಲಿ.

ಬರೆಯಬಾರದ್ದೂ ಕೆಲವು ಇವೆ. ನಕ್ಷತ್ರ ಆಮೆ ಸಿಗುವ ಜಾಗ, ತೋಳದ ಗವಿ, ಹಕ್ಕಿಗೂಡುಗಳ ಜಿಪಿಎಸ್ ಅಂಕಿಗಳು ಸಾರ್ವಜನಿಕ ಪ್ರತಿಯಲ್ಲಿ ಬರಬಾರದು. ಕಳ್ಳಸಾಗಣೆಯವರಿಗೆ ದಾರಿ ತೋರಿಸಿದಂತಾಗುತ್ತದೆ. ನಾಟಿ ಔಷಧಿಯ ವಿಷಯದಲ್ಲಿ ಗಿಡ ಇದೆ, ಔಷಧಿಗೆ ಬಳಸುತ್ತಾರೆ ಎಂದಷ್ಟೇ ಸಾಕು. ಯಾವ ಭಾಗ, ಎಷ್ಟು, ಯಾವುದರ ಜೊತೆ ಎಂಬುದನ್ನು ಹೇಳಿದವರ ಒಪ್ಪಿಗೆ ಇಲ್ಲದೆ ಬರೆಯಬೇಡಿ. ಜೀವವೈವಿಧ್ಯ ಕಾಯ್ದೆಗೆ 2023ರಲ್ಲಿ ಬಂದ ತಿದ್ದುಪಡಿ ಗ್ರಂಥಸ್ಥ ಜ್ಞಾನದ ಬಳಕೆಗೆ ಮತ್ತು ಆಯುಷ್ ವೃತ್ತಿನಿರತರಿಗೆ ರಿಯಾಯಿತಿಗಳನ್ನು ಕೊಟ್ಟಿದೆ. ಒಮ್ಮೆ ಹೊರಬಿದ್ದ ಮಾಹಿತಿಯನ್ನು ವಾಪಸು ಪಡೆಯುವ ದಾರಿ ಇಲ್ಲದಿರುವುದರಿಂದ ನಾನಂತೂ ಕಡಿಮೆ ಬರೆಯಿರಿ ಎಂದೇ ಹೇಳುತ್ತೇನೆ.

ನಿಮ್ಮ ಪಂಚಾಯಿತಿಯಲ್ಲಿ ಹಳೆಯ ಜೀವವೈವಿಧ್ಯ ದಾಖಲಾತಿ ಇದ್ದೇ ಇರಬಹುದು, ತೆಗೆಸಿ ನೋಡಿ. 2020ರ ಜನವರಿ 31ರೊಳಗೆ ಎಲ್ಲ ಸ್ಥಳೀಯ ಸಂಸ್ಥೆಗಳಲ್ಲೂ ದಾಖಲಾತಿ ಮುಗಿಯಬೇಕು ಎಂದು ಹಸಿರು ನ್ಯಾಯಮಂಡಳಿ ಗಡುವು ಕೊಟ್ಟಿತ್ತು, ಅವಸರದಲ್ಲಿ ತುಂಬಿದವುಗಳನ್ನು ಕಣ್ಣಿಗೆ ಬಿದ್ದ ಕೂಡಲೇ ಗುರುತಿಸಬಹುದು. ಚಳ್ಳಕೆರೆಯ ಪುಸ್ತಕದಲ್ಲಿ ಹಲಸು, ನಂದಿ, ಹೊನ್ನೆ ತುಂಬಿದ್ದು, ಹುಲ್ಲು ಎಂಬ ಕಾಲಂನಲ್ಲಿ 'ಗರಿಕೆ' ಒಂದೇ ಇದ್ದರೆ ಅದು ಬೇರೆಲ್ಲಿಂದಲೋ ನಕಲಾದದ್ದು. ಹೊಸದು ಬೇಕಿಲ್ಲ, ಅದನ್ನೇ ತಿದ್ದಿ, ಕಾವಲಿನ ಅಧ್ಯಾಯವನ್ನು ಸೇರಿಸಿ, ಗ್ರಾಮಸಭೆಯಲ್ಲಿ ಓದಿ ಅಂಗೀಕರಿಸಿದರಾಯಿತು.

ಕಾನೂನಿನ ದಾರಿ ಎರಡಿವೆ. ಜಮೀನು ಅರಣ್ಯವೆಂದು ದಾಖಲಾಗಿದ್ದರೆ 2006ರ ಅರಣ್ಯ ಹಕ್ಕು ಕಾಯ್ದೆಯಡಿ ಮೇಯಿಸುವ ಹಕ್ಕನ್ನೂ ಸಮುದಾಯ ಅರಣ್ಯ ಸಂಪನ್ಮೂಲವನ್ನು ಕಾಪಾಡುವ ಹಕ್ಕನ್ನೂ ಗ್ರಾಮಸಭೆ ಕೇಳಬಹುದು. ಮ್ಯಾಸನಾಯಕರು ಪರಿಶಿಷ್ಟ ಪಂಗಡದವರಾದ್ದರಿಂದ ಅವರಿಗೆ ಸುಲಭ. ಗೊಲ್ಲರಹಟ್ಟಿಯ ಕಾಡುಗೊಲ್ಲರು ಆ ಪಟ್ಟಿಯಲ್ಲಿಲ್ಲ, 2005ರ ಡಿಸೆಂಬರ್ 13ಕ್ಕಿಂತ ಹಿಂದಿನ 75 ವರ್ಷದ ವಾಸ ತೋರಿಸಬೇಕು. ಹಿರಿಯರ ಹೇಳಿಕೆ, ಹಟ್ಟಿಯ ಗುಡಿ, ಸಮಾಧಿ, ಹಳೆಯ ಬಾವಿ ಇವೂ ಸಾಕ್ಷ್ಯವಾಗುತ್ತವೆ. ಎರಡೂ ಸಮುದಾಯ ಸೇರಿ ಒಂದೇ ಅರ್ಜಿ ಹಾಕಿದರೆ ಒಳ್ಳೆಯದು. ಇನ್ನೊಂದು, ಜೀವವೈವಿಧ್ಯ ಕಾಯ್ದೆಯ 37ನೇ ಸೆಕ್ಷನ್‌ನಡಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸುವಂತೆ ಕೋರುವುದು. ದೇಶದಲ್ಲಿ ಇದಕ್ಕೆ ಮೊದಲ ಉದಾಹರಣೆ ನಮ್ಮದೇ ದೇವನಹಳ್ಳಿ ಬಳಿಯ ನಲ್ಲೂರು ಹುಣಸೆತೋಪು, 2007ರಲ್ಲಿ. ವನ್ಯಧಾಮ ಎಂಬ ಮೂರನೇ ಮಾತೂ ಯಾರಾದರೂ ಎತ್ತುತ್ತಾರೆ. ಜಗಳೂರಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿಗಾಗಿ 2011ರಲ್ಲಿ ಹಾಗೆ ಮಾಡಿದ್ದು ಅಲ್ಲಿನ ಕುರುಚಲು ಕಾಡಿಗೆ ಸರಿ. ಮೇಯುವ ಎತ್ತುಗಳೇ ಹದವಾಗಿ ಇಟ್ಟಿರುವ ಕಾವಲಿಗೆ ಆ ದಾರಿ ನಾನು ಸೂಚಿಸುವುದಿಲ್ಲ, ಅಲ್ಲಿ ಮೇಯಿಸುವ ಹಕ್ಕು ಮೊಟಕಾಗುತ್ತದೆ.

ಗಿಡ ನೆಡುವವರಿಗೆ ಬರೀ 'ಬೇಡ' ಎನ್ನಬೇಡಿ, ಜಾಗ ತೋರಿಸಿ. ಅವರಿಗೆ ಇಷ್ಟು ಸಸಿ ಎಂಬ ಗುರಿ ಇರುತ್ತದೆ, ಅದು ತುಂಬದೆ ಅವರು ಹೋಗುವುದಿಲ್ಲ. ಹಳ್ಳದ ದಂಡೆ, ಕೆರೆ ಏರಿಯ ಹಿಂಬದಿ, ಹೊಲದ ಬದು, ಹಟ್ಟಿಯ ಸುತ್ತ, ರೊಪ್ಪದ ನೆರಳಿಗೆ ಹುಣಸೆ, ಹೊಂಗೆ, ಬೇವು, ಕಮರ ಬೇಕೇ ಬೇಕು. ಎಲ್ಲಿ ಎಷ್ಟು ಸಸಿ ಹಿಡಿಯುತ್ತದೆ ಎಂದು ಎಣಿಸಿ, ಸರ್ವೆ ನಂಬರಿನೊಂದಿಗೆ ಪಟ್ಟಿ ಕೊಡಿ. ಕಾವಲಿನೊಳಗೆ ಈಗಾಗಲೇ ಇರುವ ಬಿಳಿಜಾಲಿ, ಬನ್ನಿ, ಬಾರೆ ಹಾಗೇ ಇರಲಿ, ಹೊಸದು ಬೇಡ.

ನಿರ್ಣಯದಲ್ಲಿ ಸರ್ವೆ ನಂಬರು ಮತ್ತು ವಿಸ್ತೀರ್ಣ, ಮೇಯುವ ದೇವರ ಎತ್ತು ಹಾಗೂ ಕುರಿಗಳ ಸಂಖ್ಯೆ, ಚೌಕದಿಂದ ಬಂದ ಮೇವಿನ ತೂಕ, ಬಂದ್ ಮಾಡುವ ಮೂರನೇ ಒಂದು ಭಾಗ ಮತ್ತು ಅದರ ತಾರೀಕುಗಳು, ಗಿಡ ನೆಡಲು ಬದಲಿ ಜಾಗ ಇಷ್ಟು ಬರಲಿ. ನಕ್ಷತ್ರದ ಹಾಳೆ ಮತ್ತು ನಕ್ಷೆ ಲಗತ್ತಾಗಲಿ. ವಲಯ ಅರಣ್ಯಾಧಿಕಾರಿ, ತಹಶೀಲ್ದಾರ್, ಪಶು ವೈದ್ಯಾಧಿಕಾರಿ ಮೂವರಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ. ಮುಂಗಾರಿನ ನೆಡುವಿಕೆಗೆ ಟ್ರೆಂಚ್, ಗುಂಡಿಗಳ ಮುಂಗಡ ಕಾಮಗಾರಿ ಬೇಸಿಗೆಯಲ್ಲೇ, ಹಲವು ಕಡೆ ಜನವರಿಯಿಂದಲೇ ಶುರುವಾಗುತ್ತದೆ. ಆದ್ದರಿಂದ ವರ್ಷದ ದಾಖಲಾತಿ ಮುಗಿಯಲಿ ಎಂದು ಕಾಯಬೇಡಿ. ಚಿತ್ತೆಯಲ್ಲಿ ಇಪ್ಪತ್ತು ಚೌಕ ಕೊಯ್ದು, ತೂಕ ಮಾಡಿ, ಇಷ್ಟನ್ನು ಡಿಸೆಂಬರಿನ ಗ್ರಾಮಸಭೆಗೆ ಇಡಿ, ಉಳಿದದ್ದನ್ನು ಮುಂದಿನ ವರ್ಷ ಸೇರಿಸಬಹುದು.